ಮುತ್ತಜ್ಜ ತಂದ ಗಿಲ್ಫಿಲನ್ ಹೆಸರು

ಒಲಾಯಾ, ರಿಯಾದ್
ನವೆಂಬರ್ 8, 2024

ಪ್ರೀತಿಯ ತಮ್ಮ ಲೆಸ್ಟರ್,

ಸೆಪ್ಟೆಂಬರ್ ಇಪ್ಪತ್ತರಂದು ನೀನು ನಮ್ಮ ಮುತ್ತಜ್ಜಿ ಆಲ್ಬಿನಾಳ ಮದುವೆಯನ್ನು ಅಳಿಸಿಹಾಕಿದೆ. ಆ ಸಿಟ್ಟಿಗೇ ಇಷ್ಟು ದಿನ ಬರೆಯಲಿಲ್ಲ, ತಡವಾದದ್ದಕ್ಕೆ ಕ್ಷಮಿಸು. ನೀನಿರುವ ಹಫ್ರ್ ಅಲ್ ಬಾತಿನ್‌ನಲ್ಲಿ ಚಳಿ ಶುರುವಾಯಿತಾ? ನಿನ್ನ ಮಂಡಿನೋವು ಹೇಗಿದೆ?

ಕರಾವಳಿಯ ಮನೆತನಗಳ ಬಗ್ಗೆ ನೀನು ಮಾಡಿದ ಪುಸ್ತಕ ಆ ದಿನ ಮೊಬೈಲಿಗೆ ಬಂದಾಗ ಹೆಮ್ಮೆಯಿಂದಲೇ ತೆರೆದೆ. ನಮ್ಮ ಕ್ರೈಸ್ತ ಜನರಲ್ಲಿ ಹೊರಗೆ ಪಿಂಟೊ, ಡಿಸೋಜ ಆದರೂ ಒಳಗೆ ಮತಾಂತರಕ್ಕೆ ಮುಂಚಿನ ಹಳೆಯ ಪ್ರಭು, ಪೈ, ಕಾಮತ್ ಇರುತ್ತದೆ. ಸಂಬಂಧ ಕೇಳಲು ಬಂದ ಹಿರಿಯರು ವಿಚಾರಿಸುವುದು ಆ ಹಳೆಯದನ್ನೇ. ನಮಗೆ ಇರುವುದು ಒಂದೇ ಹೆಸರು. ನೀನು ಬರೆದದ್ದು: "ಗಿಲ್ಫಿಲನ್: ಮೂಲದಲ್ಲಿ ಕಾಮತರು. ಆಲ್ಬಿನಾ ಕೆಲಸಕ್ಕಿದ್ದ ದೊರೆಯ ಹೆಸರನ್ನು ಮನೆಯವರು ಇಟ್ಟುಕೊಂಡರು."

ಎಂತ ಮಾರಾಯ ಇದು? ಹಾಗಾದರೆ ನಮ್ಮ ಅಜ್ಜ ಯಾರ ಮಗ?

1987ರಲ್ಲಿ ಇಲ್ಲಿಗೆ ಬರುವ ಮೊದಲು ಕಾಗದಪತ್ರಕ್ಕೆಂದು ಇಗರ್ಜಿಗೆ ಹೋಗಿದ್ದೆ. ಮದುವೆ ಪುಸ್ತಕದಲ್ಲಿ ಕಣ್ಣಾರೆ ಕಂಡೆ: ಹಂಚಿನ ಕಾರ್ಖಾನೆಯ ಬಾಯ್ಲರ್ ಮೆಕ್ಯಾನಿಕ್ ಆಂಗಸ್ ಗಿಲ್ಫಿಲನ್, ಪಕ್ಕದಲ್ಲಿ ಆಲ್ಬಿನಾಳ ಹೆಬ್ಬೆಟ್ಟು. ಅವನು ದೊರೆಯಲ್ಲ, ಮೈತುಂಬ ಮಸಿ ಮಾಡಿಕೊಳ್ಳುತ್ತಿದ್ದ ಕೆಲಸಗಾರ.

ಆ ಹೆಸರಿನ ಬೆನ್ನು ಹತ್ತಿ ನಾನು ಎಷ್ಟೋ ಓದಿದ್ದೇನೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಅದಕ್ಕೆ ಸಂತ ಫಿಲನ್‌ನ ಸೇವಕ ಎಂಬ ಅರ್ಥ. ಆ ಸಂತನ ಎಡಗೈ ಕತ್ತಲಲ್ಲಿ ಬೆಳಗುತ್ತಿತ್ತಂತೆ, ಆ ಬೆಳಕಿನಲ್ಲಿ ಬಲಗೈ ಬರೆಯುತ್ತಿತ್ತಂತೆ. ಹೊರಗೆ ಧೂಳು ಕವಿದು ಗೋಪುರಗಳೆಲ್ಲ ಕರಗಿಹೋದ ಮಧ್ಯಾಹ್ನಗಳಲ್ಲಿ ಆ ಹೆಸರು ನಡೆದು ಬರುವುದು ನನಗೆ ಕಾಣಿಸುತ್ತದೆ. ಮಂಜಿನ ಬೆಟ್ಟ ಇಳಿಯುತ್ತದೆ, ಹಡಗು ಹತ್ತುತ್ತದೆ, ಒಂದು ಕವಲು ಕೆನಡಾಕ್ಕೆ, ಒಂದು ಆಸ್ಟ್ರೇಲಿಯಾಕ್ಕೆ. ಒಬ್ಬನೇ ಒಬ್ಬ ದಾರಿ ತಪ್ಪಿದವನಂತೆ ನೇತ್ರಾವತಿಯ ದಂಡೆಯಲ್ಲಿ ಇಳಿಯುತ್ತಾನೆ.

ನನ್ನ ಆಫೀಸಿನ ಇಹ್ಸಾನ್ ಏಳು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವವನು. "ನಿನ್ನದು ಯಾವ ಕುಲ ಇನಾಸ್?" ಎಂದ. ಫಿಲನ್ ಎಂದರೆ ಪುಟ್ಟ ತೋಳ ಎಂದೆ. "ವಲ್ಲಾಹಿ! ನನ್ನ ಅಜ್ಜನ ಹೆಸರು ಧೀಬ್. ಅದೂ ತೋಳವೇ! ಬಾ, ಇವತ್ತು ಕಾಫಿ ನನ್ನದು, ಸಂಬಂಧಿಕ!" ಎಂದು ಬೆನ್ನಿಗೆ ಗುದ್ದಿದ. ಮರುಭೂಮಿಯವನು ಒಪ್ಪಿಕೊಂಡ ಮುತ್ತಜ್ಜ ನಿನಗೆ ಬೇಡವಾದನೇ?

ನಿನ್ನ ಮನೆಯವರೆಲ್ಲರಿಗೂ ದೇವರ ಕೃಪೆ ಇರಲಿ. ನಿನ್ನ ಮಗ ಡಿಯಾನ್‌ಗೆ ಈ ದೊಡ್ಡಪ್ಪನ ಮುತ್ತು.

ನಿನ್ನ ಅಣ್ಣ,
ಇನಾಸ್ ಗಿಲ್ಫಿಲನ್

ಮರೆತ ಮಾತು: ಆಗಸ್ಟ್‌ನಲ್ಲಿ ನೀನು ಡಿಯಾನ್‌ನ ನಿಶ್ಚಿತಾರ್ಥವನ್ನು "ಮನೆಮಟ್ಟಿಗೆ ಮುಗಿಸಿದೆವು ಅಣ್ಣಾ" ಎಂದಿದ್ದೆ. ಮೊನ್ನೆ ಫೋಟೊ ನೋಡಿದೆ, ಹಾಲ್ ತುಂಬ ಜನ. ಹೆಣ್ಣಿನ ಕಡೆಯವರು ನಮ್ಮ ಹಳೆಯ ಹೆಸರು ಕೇಳಿದರೆ ನಾನು ಕಾಮತ್ ಅಲ್ಲವೆಂಬ ನಿಜ ಹೇಳಿಬಿಡುತ್ತೇನೆಂದು ನನ್ನನ್ನು ದೂರವಿಟ್ಟೆ ಅಲ್ಲವೇ? ಜನವರಿಯ ಮದುವೆಗೆ, ಕರೆದರೂ ಕರೆಯದಿದ್ದರೂ, ಬರುತ್ತೇನೆ. ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ, ಹುಡುಗನಿಗೆ ತೆಂಗಿನ ಹಾಲು ಹಚ್ಚುವ ಮೊದಲು, ತೀರಿಹೋದ ಹಿರಿಯರಿಗಾಗಿ ಪ್ರಾರ್ಥನೆ ಹೇಳಿಸುವವನು ನೀನು. ಎರಡೂ ಕಡೆಯವರ ಎದುರು, ಮೈಕಿನಲ್ಲೇ ಹೇಳು: ಆಲ್ಬಿನಾ ಆಂಗಸ್‌ನ ಹೆಂಡತಿಯೋ, ಅಲ್ಲವೋ?