ತೊಳೆದು ಬಂದ ಡಬ್ಬಿ

ಫೆಬ್ರವರಿ 6, 2023. ಸೋಮವಾರ, ಮಧ್ಯಾಹ್ನ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಒತ್ತು ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು. ಇದನ್ನು ಯಾರೂ ಓದಲ್ಲ, ಆದರೂ ತಪ್ಪಾಯಿತು ಅಂತ ಮೊದಲೇ ಹೇಳಿಬಿಟ್ಟರೆ ಬರೆಯುವ ಧೈರ್ಯ ಬರುತ್ತೆ.

ಪಾಪುಗೆ ನೀರು ಹಾಕಿ ಮಲಗಿಸಿದೆ. ಶೈಲಜಕ್ಕನೂ ಮಲಗಿದ್ದಾಳೆ. ದೊಡ್ಡಮ್ಮನ ಮಗಳು. ಬಾಣಂತನಕ್ಕೆ ಅಂತ ಆರು ತಿಂಗಳ ವೀಸಾದಲ್ಲಿ ನನ್ನನ್ನು ಅಮೆರಿಕದ ಈ ಕೊಲಂಬಿಯಾ ಊರಿಗೆ ಕರೆಸಿಕೊಂಡಳು. ಗುರುದತ್ ಭಾವ ಬೇಸ್‌ಮೆಂಟಿನಲ್ಲಿ. ಕೆಲಸ ಹೋಗಿ ಎರಡೂವರೆ ವಾರ. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶವನ್ನೇ ಬಿಡಬೇಕಂತೆ.

ಅಕ್ಕನ ದೊಡ್ಡ ಮಗಳು ಶ್ರಾವಣಿಗೆ ಎಂಟು ವರ್ಷ. ಅವಳಿಗೆ ಯಾರೂ ಹೇಳಿಲ್ಲ. ಆದರೆ ಅವಳ ರೂಮಿನ ನೆಲದಲ್ಲಿ ಹೀಟರಿನ ಗಾಳಿ ಬರುವ ಜಾಲರಿ ಇದೆ. ಕೆಳಗಿನ ಮಾತು ಅದರಲ್ಲಿ ಹತ್ತಿ ಬರುತ್ತೆ. ನಿನ್ನೆ ಬಟ್ಟೆ ಮಡಚುವಾಗ ನನಗೇ ಕೇಳಿಸಿತು — "ಇನ್ನೆಲ್ಲಿಂದ ತರಲಿ ದುಡ್ಡು, ಶೈಲೂ?" ಶ್ರಾವಣಿ ಪಕ್ಕದಲ್ಲೇ ಕೂತು ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ಫೆಬ್ರವರಿ 12. ಭಾನುವಾರ

ಪಕ್ಕದ ಮನೆ ಕೇಶವಮೂರ್ತಿ ಅಂಕಲ್ ಹತ್ತಿರ ಹೋಗಿದ್ದೆವು. ಮಗನ ಮನೆಗೆ ಬಂದವರು, ಹಳೇ ಬ್ರಿಟಿಷ್ ಪಿಕ್ಚರ್ ಅಂದರೆ ಪ್ರಾಣ. ಒಂದನ್ನು ಹಾಕಿದ್ದರು, ಕಪ್ಪು ಬಿಳುಪಿನದು. ನನಗೆ ಇಂಗ್ಲಿಷ್ ಎಲ್ಲಿ ಬರಬೇಕು? ಶ್ರಾವಣಿ ಕಿವಿಯಲ್ಲಿ ಹೇಳುತ್ತಿದ್ದಳು.

"ಅವ್ರ ಮನೇಲಿ ಮನಿ ಇಲ್ಲ. ಆ ಬಾಯ್‌ಗೆ ಮನೆ ಮಾತಾಡೋದು ಕೇಳ್ಸತ್ತೆ. ಸೋ ಅವ್ನೇ ಮನಿ ತರ್ತಾನೆ. ಬಟ್ ಸೀಕ್ರೆಟ್."

"ಪರವಾಗಿಲ್ವೇ, ನಿಂಗೆ ಟ್ರಾನ್ಸ್‌ಲೇಟರ್ರೂ ಇದಾಳೆ" ಅಂತ ಅಂಕಲ್ ನಕ್ಕರು. ಅಷ್ಟರಲ್ಲಿ ಅಕ್ಕನ ಫೋನ್, ಪಾಪು ಅಳುತ್ತಿದೆ ಅಂತ. ಅರ್ಧಕ್ಕೇ ಎದ್ದೆವು. ಶ್ರಾವಣಿ ತಿರುಗಿ ತಿರುಗಿ ಟಿವಿ ನೋಡುತ್ತಲೇ ಹೊರಗೆ ಬಂದಳು.

ಫೆಬ್ರವರಿ 13. ಸಂಜೆ

ದೀಪ ಹಚ್ಚುವಾಗ ಕೇಳಿದಳು, "ಚಿಕ್ಕಿ, ದೇವರ ಹತ್ರ ಏನಾದ್ರೂ ಬೇಕಂದ್ರೆ ಹೌ ಡು ಯು ಆಸ್ಕ್?"

ಹರಕೆ ಅಂದೆ. ಅಪ್ಪನ ಮಿಲ್ಲು ಮುಚ್ಚಿದಾಗ ಅಮ್ಮ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟು ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ಮಿಲ್ಲು ತೆರೆಯುವವರೆಗೆ ಒಪ್ಪತ್ತು. ದಿನಕ್ಕೆ ಒಂದೇ ಊಟ.

"ವರ್ಕ್ ಆಯ್ತಾ?"

ಆಯ್ತು ಅಂದೆ. ಆಗಿರಲಿಲ್ಲ. ಮಿಲ್ಲು ತೆರೆಯಲೇ ಇಲ್ಲ, ಅದಕ್ಕೇ ನಾನು ಸ್ಕೂಲ್ ಬಿಟ್ಟದ್ದು. ಆದರೆ ದೀಪದ ಮುಂದೆ, ಮಗುವಿಗೆ, ಇಲ್ಲ ಅಂತ ಹೇಗೆ ಹೇಳುವುದು...

ಫೆಬ್ರವರಿ 15

ಭಾವನಿಗೆ ಒಂದು ಕಂಪನಿಯಿಂದ ಕಾಲ್ ಬಂತು. ಇಂಟರ್‌ವ್ಯೂ ಇದೆಯಂತೆ. ಅಕ್ಕ ಪಾಯಸ ಮಾಡಿಸಿದಳು.

ಫೆಬ್ರವರಿ 27. ಸೋಮವಾರ

ಶ್ರಾವಣಿಯ ಲಂಚ್ ಡಬ್ಬಿ ತೊಳೆದು ಬರುತ್ತಿದೆ. ಒಂದು ವಾರದಿಂದ ನೋಡುತ್ತಿದ್ದೇನೆ. ಮೊದಲೆಲ್ಲ ಮುಚ್ಚಳಕ್ಕೆ ಮೊಸರನ್ನ ಮೆತ್ತಿಕೊಂಡು ಬರುತ್ತಿತ್ತು. ಬೆಳಿಗ್ಗೆ ನಾನು ಪಾಪು ಜೊತೆ ಇರುತ್ತೇನೆ, ಅವಳೇ ಸೀರಿಯಲ್ ಹಾಕಿಕೊಳ್ಳುತ್ತಾಳೆ. ಇವತ್ತು ಸೀರಿಯಲ್ ಡಬ್ಬ ಅಲ್ಲಾಡಿಸಿ ನೋಡಿದೆ. ತಿಂಗಳಾದರೂ ಅರ್ಧ ಹಾಗೇ ಇದೆ.

ಮಾರ್ಚ್ 2. ಗುರುವಾರ

ಸ್ಕೂಲಿನಿಂದ ನರ್ಸ್ ಫೋನ್. ಶ್ರಾವಣಿ ಜಿಮ್ ಕ್ಲಾಸಿನಲ್ಲಿ ತಲೆ ಸುತ್ತಿ ಬಿದ್ದುಬಿಟ್ಟಳಂತೆ. ಜ್ಯೂಸ್ ಕುಡಿಸಿ ಕಳಿಸಿದರು.

ತಲೆ ಬಾಚುವಾಗ ದಿಂಬಿನ ಕೆಳಗೆ ಸಿಕ್ಕಿತು. ಪಾಪುವಿನ ಹಳದಿ ಸಾಕ್ಸ್. ಒಳಗೆ ಒಂದು ಕ್ವಾರ್ಟರ್, ಇಲ್ಲಿನ ಕಾಲು ಡಾಲರ್ ಕಾಸು, ಮೇಲೆ ಗಂಟು.

"ಡೋಂಟ್ ಟೆಲ್ ಅಮ್ಮ" ಅಂದಳು. "ನಾನ್ ಸ್ಟಾರ್ಟ್ ಮಾಡಿದ್ ನೆಕ್ಸ್ಟ್ ಡೇನೇ ಪಪ್ಪಂಗೆ ಕಾಲ್ ಬಂತು. ಯು ಸಾ."

ಕೈ ಎಷ್ಟು ಸಣ್ಣಗಾಗಿದೆ. ಕಲಿಸಿಕೊಟ್ಟವಳು ನಾನೇ.

ಮಾರ್ಚ್ 3

ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ, ಊರಿಗೆ ಕಳಿಸುತ್ತಾಳೆ ಅಂದುಕೊಂಡಿದ್ದೆ. ಪಾಪು ಬೆನ್ನು ತಟ್ಟುತ್ತಾ ಕೂತಳು. ಆಮೇಲೆ —

"ಮಂಗಳವಾರ ಇವರ ಇಂಟರ್‌ವ್ಯೂ ಫೈನಲ್ ರೌಂಡ್."

"ಅಕ್ಕ..."

"ಗೊತ್ತು ಕಣೆ. ನಾನು ಇದನ್ನೆಲ್ಲ ನಂಬಲ್ಲ, ನಿಂಗೇ ಗೊತ್ತು." ಅಳುತ್ತಿದ್ದಳು. "ನಾಲ್ಕೇ ದಿನ. ನಾವೇನೂ ಅವಳನ್ನ ಬಲವಂತ ಮಾಡ್ತಿಲ್ವಲ್ಲ. ರಾತ್ರಿ ಹೊಟ್ಟೆ ತುಂಬ ಹಾಕು. ನಿಮ್ಮ ಭಾವಂಗೆ ಹೇಳ್ಬೇಡ."

ಹೂಂ ಅಂದೆ. ನನಗೆ ಯಾವಾಗಲೂ ಅದೊಂದೇ ಬಾಯಿಗೆ ಬರುವುದು.

ಮಾರ್ಚ್ 5. ಭಾನುವಾರ

ಅಂಕಲ್‌ಗೆ ಹುಳಿ ಕೊಡಲು ಹೋದೆ. ಬಾಗಿಲಲ್ಲೇ ನಿಂತು ಕೇಳಿದೆ, ಆ ಪಿಕ್ಚರಿನ ಹುಡುಗ ಕೊನೆಗೆ ಏನಾದ ಅಂತ. ನಾನಾಗಿ ಏನನ್ನೂ ಕೇಳುವವಳಲ್ಲ. ಅವರಿಗೆ ಆಶ್ಚರ್ಯ.

"ಸತ್ಹೋಗ್ತಾನಮ್ಮ. ದುಡ್ಡೇನೋ ಬರುತ್ತೆ, ಬೇಕಾದಷ್ಟು."

ಪಾತ್ರೆ ಅಲ್ಲೇ ಬಿಟ್ಟು ಬಂದೆ.

ಮಾರ್ಚ್ 6. ಸೋಮವಾರ, ಬೆಳಿಗ್ಗೆ 8.20

ಇವತ್ತು ಪಾಪುಗೆ ನೀರು ಹಾಕಲು ಹೋಗಲಿಲ್ಲ. ಶ್ರಾವಣಿ ಎದುರು ಕೂತೆ. ದೋಸೆ ಹಾಕಿದ್ದೆ.

"ನಾನು ಸುಳ್ಳು ಹೇಳಿದ್ದೆ" ಅಂದೆ. "ಮಿಲ್ಲು ತೆರೀಲಿಲ್ಲ."

ತಟ್ಟೆ ಪಕ್ಕಕ್ಕೆ ತಳ್ಳಿದಳು. "ಬಟ್ ಪಪ್ಪಂಗೆ ಕಾಲ್ ಬಂತಲ್ಲ."

"ಬಂತು. ಉಳಿದ ದಿನ ನಂಗೆ ಕೊಡು. ಚಿಕ್ಕವರ ಹರಕೇನ ದೊಡ್ಡವರು ಹೊತ್ಕೋಬಹುದು."

ಹಾಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಂಜುಂಡೇಶ್ವರನೇ ನೋಡಿಕೊಳ್ಳಲಿ.

"ಈಸ್ ದಟ್ ಅಲೌಡ್?"

"ಹೂಂ."

ಸಾಕ್ಸ್ ತಂದು ನನ್ನ ಕೈಗೆ ಕೊಟ್ಟಳು. ಒಂದು ದೋಸೆ ತಿಂದಳು. ಇನ್ನೊಂದು ಕೇಳಿದಳು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಅಕ್ಕ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ತಲೆ ತಗ್ಗಿಸಲಿಲ್ಲ. ಅವಳೇ ತಿರುಗಿ ಮೇಲೆ ಹೋದಳು.

ಬಸ್ ಬಂತು. ಡಬ್ಬಿ ಕೈಗೆ ಕೊಟ್ಟು ಹೇಳಿದೆ, ತೊಳೆದು ತರಬೇಡ, ಹಾಗೇ ತಾ ಅಂತ. ನನ್ನ ಕಾಫಿ ಸಿಂಕಿಗೆ ಚೆಲ್ಲಿ, ಲೋಟ ತೊಳೆದಿಟ್ಟೆ. ಇವತ್ತಿನಿಂದ ಒಪ್ಪತ್ತು ನನ್ನದು.