ಏಳು ನಂಬರಿನ ಜೋಡಿ

ಅಡುಗೆಮನೆಯ ಮೇಜಿನಿಂದ,
ಶನಿವಾರ, ಹದಿನಾರನೇ ತಾರೀಖು, ರಾತ್ರಿ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಎಡಮಂಡಿಯ ನೋವು ಹೇಗಿದೆ? ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಹನ್ನೊಂದು ತಿಂಗಳಿಂದ ಇದನ್ನೇ ಕೇಳುತ್ತಿದ್ದೇನೆ. ಕೇಳದೆ ಸುದ್ದಿಗೆ ಇಳಿದರೆ ಅದು ಪತ್ರವಲ್ಲ, ನೋಟೀಸು ಎಂದು ನೀವೇ ಹೇಳುತ್ತಿದ್ದಿರಿ. ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಮಾಡುತ್ತೇನೆ, ಆಸ್ಪತ್ರೆಯ ಲಾಂಡ್ರಿಗೆ ತಪ್ಪದೆ ಹೋಗುತ್ತೇನೆ, ಯಾರಾದರೂ ನಕ್ಕರೆ ಜೊತೆಗೆ ನಗುತ್ತೇನೆ. ನಿಮ್ಮ ಅಕ್ಕ ಎರಡು ವಾರಕ್ಕೊಮ್ಮೆ ಬಂದು, ಅಡುಗೆಗೆ ಉಪ್ಪು ಕಮ್ಮಿಯಾಯಿತೆಂದು ಹೇಳಿ, ಕಣ್ಣೊರೆಸಿಕೊಂಡು ಹೋಗುತ್ತಾರೆ.

ಇನ್ನು ಸುದ್ದಿ. ಗುಡ್ಡದ ಮೇಲೆ ನಿಮ್ಮ ಮಳೆ ಅಳೆಯುವ ಡಬ್ಬಿ ಇತ್ತಲ್ಲ, ಅದನ್ನು ಕಿತ್ತು ಒಂದು ಯಂತ್ರ ಕೂರಿಸಿದ್ದಾರೆ. ಬಿದ್ದ ಮಳೆಯ ಲೆಕ್ಕವನ್ನು ಅದೇ ಆಫೀಸಿಗೆ ಕಳಿಸುತ್ತದಂತೆ. ಹತ್ತೊಂಬತ್ತು ವರ್ಷ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೀವು ಆ ಡಬ್ಬಿಯ ಮುಂದೆ ಬಗ್ಗಿ ನಿಂತದ್ದಕ್ಕೆ ಇಷ್ಟೇ ಮರ್ಯಾದೆ. ಇನ್ನು ಯಾರೂ ಹತ್ತಬೇಕಾಗಿಲ್ಲವೆಂದು ಸೋಮವಾರದಿಂದ ಆ ದಾರಿಗೆ ಗೇಟು ಹಾಕುತ್ತಾರೆ. ಹೋಗುವುದಾದರೆ ನಾಳೆಯೇ ಕೊನೆ. ಹಳ್ಳದ ತಿರುವಿನಲ್ಲಿ ನಿಮ್ಮ ಕೊಡೆ, ಮಳೆ ಲೆಕ್ಕದ ಪುಸ್ತಕ ಸಿಕ್ಕವಲ್ಲ, ಆ ಜಾಗವನ್ನು ನಾನು ಇನ್ನೂ ನೋಡಿಲ್ಲ. ಹುಡುಕಲು ಹೋದವರು ಒಂಬತ್ತನೇ ದಿನ ಇಳಿದು ಬಂದು ಕೈಚೆಲ್ಲಿದಾಗಲೂ ನನಗೆ ಧೈರ್ಯ ಬರಲಿಲ್ಲ. ಪುಸ್ತಕದಲ್ಲಿ ಆ ದಿನದ ಅಂಕಿ ಬರೆದಿರಲಿಲ್ಲ. ಹತ್ತುವಾಗಲೇ ಜಾರಿದ್ದೀರಿ ಎಂದು ಅದರಿಂದಲೇ ತಿಳಿದೆ.

ಹೋಗಬೇಕೆಂದರೆ ಕಾಲಿಗೆ ಏನಾದರೂ ಬೇಕು. ಹೋದ ವಾರ ಶುಕ್ರವಾರ ಕೆಲಸ ಮುಗಿಸಿ ಶೂ ಅಂಗಡಿಗೆ ಹೋದೆ. ಅದೇ ದಪ್ಪ ಕನ್ನಡಕದವರು ಇದ್ದರು. ನಿಮ್ಮ ಬಗ್ಗೆ ಕೇಳುತ್ತಾರೇನೋ ಅಂದುಕೊಂಡಿದ್ದೆ, ಪುಣ್ಯಕ್ಕೆ ಕೇಳಲಿಲ್ಲ. "ಯಾತಕ್ಕಮ್ಮಾ, ಗುಡ್ಡ ಹತ್ತೋಕಾ, ದಿನಾ ಓಡಾಡೋಕಾ?" ಅಂದರು. ಎರಡಕ್ಕೂ ಅಂದೆ. ಒಂದು ದಿನದ ನಡಿಗೆಗೆಂದು ಶೂ ಕೊಳ್ಳುವಷ್ಟು ದುಂದುಗಾರ್ತಿ ನಾನಲ್ಲ, ಲಾಂಡ್ರಿಯ ಒದ್ದೆ ನೆಲಕ್ಕೂ ಆಗಬೇಕು. ಹಗುರವಾಗಿರಬೇಕು, ನೀರು ಒಳಗೆ ಬರಬಾರದು ಎಂದೂ ಸೇರಿಸಿದೆ. ಅವರು ನಕ್ಕು, ಅದು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಅಂದರು. ಗುಡ್ಡಕ್ಕೆ ಅಡಿಯ ಗೀರು ಆಳವಾಗಿರಬೇಕು, ಆದರೆ ದಿನಾ ಗಟ್ಟಿ ರಸ್ತೆಯ ಮೇಲೆ ನಡೆದರೆ ಅದು ಬೇಗ ಸವೆಯುತ್ತದೆ, ಸವೆದದ್ದು ನಮಗೆ ಗೊತ್ತೇ ಆಗುವುದಿಲ್ಲ, ಒದ್ದೆ ಬಂಡೆಯ ಮೇಲೆ ಕಾಲಿಟ್ಟಾಗಲೇ ಗೊತ್ತಾಗುವುದು, ಅಂತ. ಪಾಪ, ಮನುಷ್ಯ ವ್ಯಾಪಾರದ ಮಾತಾಡುತ್ತಿದ್ದರು. ನಾನು ಕಾಲುಚೀಲ ಸರಿಮಾಡಿಕೊಳ್ಳುವವಳ ಹಾಗೆ ತಲೆ ಬಗ್ಗಿಸಿ ಕೂತೆ.

ಮೂರು ಜೋಡಿ ತೆಗೆದರು. ಒಂದು ಹೂವಿನಷ್ಟು ಹಗುರ, ಆದರೆ ಬೆರಳಿಂದ ಒತ್ತಿದರೆ ಅಡಿಯೇ ಮಡಚಿಕೊಳ್ಳುತ್ತಿತ್ತು. ಇನ್ನೊಂದು ಗಟ್ಟಿ, ಭಾರ, ಎಂಟು ಗಂಟೆ ನಿಲ್ಲುವವರ ಕಾಲಿಗಲ್ಲ. ಮೂರನೆಯದು ಬೂದು ಬಣ್ಣದ್ದು, ಬೆರಳ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ, ಹಿಮ್ಮಡಿ ಅಲುಗಲಿಲ್ಲ, ಎಲ್ಲ ಸರಿಯಾಗಿತ್ತು. ಇದು ನಿಜವಾಗಲೂ ನೀರು ತಡೆಯುತ್ತದೆಯೇ ಎಂದು ಕೇಳಿದೆ. "ಮೇಲಿಂದ ಬೀಳೋದನ್ನ ತಡೆಯುತ್ತಮ್ಮಾ. ಕಣಕಾಲು ದಾಟಿ ನೀರು ಬಂದ್ರೆ ಯಾವ ಶೂನೂ ಏನೂ ಮಾಡಲ್ಲ" ಅಂದರು. ಅಂಗಡಿಯಲ್ಲಿ ಕಲ್ಲು ಅಂಟಿಸಿದ ಒಂದು ಇಳಿಜಾರಿನ ಹಲಗೆ ಇದೆಯಲ್ಲ, ಅದನ್ನು ಹತ್ತಿ ಇಳಿದು ನೋಡಿ ಅಂದರು. ಹತ್ತಿದೆ. ಇಳಿಯಲು ಆಗಲಿಲ್ಲ. ಮೂರು ಅಡಿ ಎತ್ತರ, ಮಕ್ಕಳು ಜಾರುಬಂಡೆ ಆಡುವಷ್ಟು, ಅದರ ಮೇಲೆ ನಿಂತು ನಾನು ಪಕ್ಕದ ಕಪಾಟು ಹಿಡಿದುಕೊಂಡೆ. ಕೊನೆಗೆ ಅವರೇ ಕೈಕೊಟ್ಟು ಇಳಿಸಿದರು. ಆಮೇಲೆ ಬರುತ್ತೇನೆಂದು ಹೇಳಿ ಹೊರಗೆ ಬಂದೆ.

ದಾರಿಯುದ್ದಕ್ಕೂ ನಿಮ್ಮ ಶೂಗಳದೇ ಯೋಚನೆ. ಬೇರೆ ಯಾರ ಮನೆಯಲ್ಲಾದರೂ ಹೀಗಿತ್ತೇ ಹೇಳಿ. ನಿಮಗೂ ಏಳು ನಂಬರು, ನನಗೂ ಏಳು. ಹೊಸ ಶೂ ನಿಮ್ಮ ಕಾಲು ಕಚ್ಚಿ ಬೊಬ್ಬೆ ಏಳಿಸುತ್ತದೆಂದು, ಪ್ರತಿ ಜೋಡಿಯನ್ನೂ ಮೊದಲು ಎಂಟು ದಿನ ನಾನು ಲಾಂಡ್ರಿಗೆ ಹಾಕಿಕೊಂಡು ಹೋಗಿ ಸಡಿಲ ಮಾಡಿ ಕೊಡುತ್ತಿದ್ದೆ. "ಬಂದರಪ್ಪಾ ಬೂಟಿನ ದೊರೆಸಾನಿ" ಎಂದು ಇಸ್ತ್ರಿಯವಳು ಹಾಸ್ಯ ಮಾಡುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ಕೊನೆಯ ಜೋಡಿ ತಂದ ದಿನ ನೀವು ನಿಮ್ಮ ಅಕ್ಕನ ಮುಂದೆ, "ನಮ್ಮನೆಯವಳದು ಗಂಡುಕಾಲು, ನನಗೇ ಲಾಭ" ಅಂದಿರಿ. ಅಕ್ಕ ಬಿದ್ದುಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಶೂ ನೀವೇ ಸವೆಸಿಕೊಳ್ಳಿ ಎಂದು ಆ ಹೊಸ ಜೋಡಿಯನ್ನು ಡಬ್ಬಿಯ ಸಮೇತ ಮಂಚದ ಕೆಳಗೆ ತಳ್ಳಿದೆ. ನೀವು ಎರಡು ಸಲ ಗೋಗರೆದಿರಿ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಸುಮ್ಮನೆ ಹಳೆಯದನ್ನೇ ಹಾಕಿಕೊಂಡು ಓಡಾಡಿದಿರಿ. ಅದರ ಅಡಿ ಸವೆದು ನುಣ್ಣಗಾಗಿತ್ತು, ನಾನು ನೋಡಿದ್ದೆ. ಆ ಬೆಳಿಗ್ಗೆ ಮಳೆಯಲ್ಲಿ ಹೊರಟಾಗಲೂ ನೋಡಿದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಇದನ್ನು ನಿಮ್ಮ ಅಕ್ಕನಿಗೆ ಹೇಳಿಲ್ಲ, ಹುಡುಕಲು ಹೋದವರಿಗೂ ಹೇಳಿಲ್ಲ. ನಿಮಗೆ ಹೇಳಲು ಹನ್ನೊಂದು ತಿಂಗಳು ಬೇಕಾಯಿತು.

ನಾಳೆ ಅಲ್ಲಿ ಏನೋ ಸಿಗುತ್ತದೆಂಬ ಆಸೆ ನನಗಿಲ್ಲ. ಒಂದು ಮಳೆಗಾಲವೇ ಆ ಹಳ್ಳವನ್ನು ತೊಳೆದು ಹೋಗಿದೆ. ಸುಮ್ಮನೆ ಹೋಗಿ, ನೀವು ಕಾಲಿಟ್ಟ ಕಡೆ ಕಾಲಿಟ್ಟು ಬರುತ್ತೇನೆ. ನೀವು ಎಲ್ಲಿದ್ದರೂ ಕಾಲು ಒದ್ದೆಯಾಗದಿರಲಿ. ಅಕ್ಕ ನಿಮ್ಮನ್ನು ನೆನೆಯದ ದಿನವಿಲ್ಲ.

ನಿಮ್ಮ
ಇವಳು

ಮರೆತಿದ್ದೆ: ಆ ಬೂದು ಜೋಡಿ ತರಲಿಲ್ಲ. ಅಂಗಡಿಯಿಂದ ಬಂದವಳೇ ಮಂಚದ ಕೆಳಗಿನ ಡಬ್ಬಿ ಎಳೆದು ನಿಮ್ಮದನ್ನೇ ತೆಗೆದೆ. ಖಾಲಿ ಡಬ್ಬಿಯಲ್ಲಿ ಈಗ ಈ ಪತ್ರಗಳನ್ನು ಇಡುತ್ತೇನೆ. ಇವತ್ತಿಗೆ ಎಂಟು ದಿನ ಲಾಂಡ್ರಿಗೆ ಹಾಕಿಕೊಂಡು ಹೋದೆ. ಮೊದಲ ಮೂರು ದಿನ ಬಹಳ ಕಚ್ಚಿತು, ಹಿಮ್ಮಡಿಯಲ್ಲಿ ರಕ್ತ ಬಂತು, ಬರಲಿ ಅಂದುಕೊಂಡೆ. ಈಗ ಸಡಿಲವಾಗಿದೆ. ಇನ್ನು ನಿಮಗೆ ಕಚ್ಚುವುದಿಲ್ಲ.