ಧೈರ್ಯದ ಬಟನ್

ಹೊಲಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಹಬೆಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹಡಗಿನವರಿಗೆಲ್ಲ ಬಡಿಸುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಇಲ್ಲಿ ನಾನು, ನಿಮ್ಮಪ್ಪ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಹೊಲಿಗೆ ಮೆಷಿನ್ನಿನ ಜೊತೆ ಜಗಳ ಆಡುತ್ತಿದೆ. ಕ್ಷೇಮಸಮಾಚಾರ ಇಷ್ಟು ಸಾಕು. ನನಗೆ ಕೆಂಡದಂಥ ಕೋಪ ಬಂದಿದೆ. ಫೋನಿನಲ್ಲಿ ಬೈದರೆ ನಕ್ಕು ಜಾರಿಕೊಳ್ಳುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದು.

'ಆ ಹಳೇ ವಿಡಿಯೋ ಗೇಮ್ ಯಾರಿಗೆ ಬೇಕಮ್ಮಾ, ಕೊಟ್ಬಿಡು' ಅಂತ ಕೊಳ್ಳುವವನೊಬ್ಬನನ್ನು ನೀನೇ ಗೊತ್ತು ಮಾಡಿದೆಯಲ್ಲ, ಆ ಪುಣ್ಯಾತ್ಮ ನಿನ್ನೆ ಬಂದಿದ್ದ. ನಮ್ಮ 'ಗಂಟೆಗೋಪುರ' ಆಟದ ಕ್ಯಾಸೆಟ್ಟನ್ನು ಸತ್ತ ಜಿರಲೆಯ ಹಾಗೆ ಎರಡು ಬೆರಳಲ್ಲಿ ಎತ್ತಿ, 'ಇದಾ? ಆಗಿನ ಕಾಲಕ್ಕೇ ತೋಪು ಆಂಟಿ. ಕೊನೆ ಬಾಗಿಲು ತೆಗೆಯೋಕೇ ಆಗಲ್ಲ ಅಂತ ಎಲ್ಲರೂ ಬೈದು ಬಿಟ್ರು. ಈಗ ಒಂದಿಷ್ಟು ಹುಚ್ಚರು ಹುಡುಕ್ತಾರೆ, ಅವರಿಗೆ ಮಾರೋದು. ನಾನೇನೂ ಆಡಿಲ್ಲ' ಅಂದ. ಆಡದೆಯೇ ತೋಪಂತೆ! ನನಗೆ ಮೈಯೆಲ್ಲ ಉರಿಯಿತು. ಸುತ್ತಿಗೆ ಹಿಡಿದ ನಮ್ಮ ಮೊಂಡುಮೂಗಿನವನು ಗಂಟೆಯಿಂದ ಗಂಟೆಗೆ ಹಾರುತ್ತ ಕೊಡುತ್ತಿದ್ದ ಒಂದೊಂದು ಏಟಿಗೂ ಒಂದೊಂದು ನಾದ ಬರುತ್ತಿತ್ತು. ತಾಳ ತಪ್ಪಿದರೆ ಒಬ್ಬ ರಾಕ್ಷಸನೂ ಸಾಯುತ್ತಿರಲಿಲ್ಲ. ಅಂಥ ಆಟ ಇನ್ನೊಂದು ಇದೆಯೇನು? ಈಗಿನವುಗಳಲ್ಲಿ ಬರೀ ಢಮಾರ್ ಢಮಾರ್. ತಲೆಬುಡ ತಿಳಿಯದವರೆಲ್ಲ ಸೇರಿ ಅಷ್ಟು ಒಳ್ಳೆಯದನ್ನು ಮೂಲೆಗೆ ತಳ್ಳಿದರು. 'ಕೂತ್ಕೊಳಪ್ಪಾ, ಆಡೇ ತೋರಿಸ್ತೀನಿ' ಎಂದು ಡಬ್ಬ ಬಿಚ್ಚಿದೆ.

ಆಗ ಬಯಲಾಯಿತು ನಿನ್ನ ಬಂಡವಾಳ. 'ಅಮ್ಮಾ, ಇದು ಧೈರ್ಯದ ಬಟನ್. ನೀನು ಒತ್ತುತ್ತಾ ಇದ್ರೆ ನನಗೆ ಧೈರ್ಯ ಬರುತ್ತೆ' ಎಂದು ಚಿಕ್ಕವನಿದ್ದಾಗ ನನ್ನ ಕೈಗೆ ಕೊಡುತ್ತಿದ್ದೆಯಲ್ಲ ಎರಡನೇ ರಿಮೋಟು, ಅದರ ವೈರಿನ ತುದಿಗೆ ಕಾರ್ಖಾನೆಯವರು ಹಾಕಿದ ಪ್ಲಾಸ್ಟಿಕ್ ಟೋಪಿ ಇನ್ನೂ ಹಾಗೇ ಇತ್ತು! ಒಂದು ದಿನವೂ ಅದನ್ನು ಸಿಕ್ಕಿಸಿಲ್ಲ. ಗಿರಾಕಿಗಳ ಬಟ್ಟೆ ಅರ್ಧಕ್ಕೆ ಬಿಟ್ಟು, ಹೆಬ್ಬೆರಳಿಗೆ ಬೊಬ್ಬೆ ಬರುವ ಹಾಗೆ ಒತ್ತಿದೆನಲ್ಲೋ! 'ಎಡವಿ ಬೀಳ್ತೀಯಮ್ಮಾ' ಎಂದು ವೈರನ್ನು ಚಾಪೆಯಡಿ ತೂರಿಸುತ್ತಿದ್ದುದು ಇದಕ್ಕೇನಾ? ಎಷ್ಟು ಕಾಳಜಿ ಈ ಮಗುವಿಗೆ ಅಂದುಕೊಂಡಿದ್ದೆ. ನಿಮ್ಮಪ್ಪನನ್ನು ಕೇಳಿದರೆ ಪೇಪರು ಅಡ್ಡ ಹಿಡಿದು ನಗುತ್ತಾರೆ, ಅವರಿಗೂ ಗೊತ್ತಿತ್ತಂತೆ. ಟೋಪಿ ಹಾಕಿದ್ದು ವೈರಿಗಲ್ಲ, ನನಗೆ.

ಅದನ್ನು ಕಿತ್ತು ಬಿಸಾಡಿ ವೈರು ಸಿಕ್ಕಿಸಿದೆ. ಏನಾಯಿತು ಗೊತ್ತಾ? ಸುತ್ತಿಗೆಯವನ ಪಕ್ಕ ಒಬ್ಬ ಹೆಂಗಸು ಬಂದು ನಿಂತಳು. ಸೊಂಟಕ್ಕೆ ಹಗ್ಗ, ಕೈಯಲ್ಲಿ ಕೊಕ್ಕೆ. ನಾನು ಒತ್ತಿದರೆ ಅವಳು ಹಾರುತ್ತಾಳೆ! ಇಂಥವಳೊಬ್ಬಳು ಇದ್ದಾಳೆಂದೇ ನಮಗೆ ಗೊತ್ತಿರಲಿಲ್ಲ. ಆ ಕೊನೆಯ ಬಾಗಿಲಿಗೆ ಎರಡು ಕಡೆ ಸರಪಳಿ ಇದ್ದವಲ್ಲ. ನೀನು ಒಂದನ್ನು ಎಳೆದು ಇನ್ನೊಂದಕ್ಕೆ ಓಡುವಷ್ಟರಲ್ಲಿ ಮೊದಲನೆಯದು ಮೇಲಕ್ಕೆ ಹೋಗಿಬಿಡುತ್ತಿತ್ತು. 'ಆಟವೇ ಸರಿಯಿಲ್ಲ' ಎಂದು ಗೊಳೋ ಅಂತ ಅಳುತ್ತಿದ್ದೆ. ನಾನು ಧೈರ್ಯದ ಬಟನ್ ಇನ್ನೂ ಜೋರಾಗಿ ಒತ್ತುತ್ತಿದ್ದೆ. ಅದು ಇಬ್ಬರು ಎಳೆಯಬೇಕಾದ ಬಾಗಿಲು ಕಣೋ ದಡ್ಡಾ! ಪಕ್ಕದಲ್ಲೇ ಕೂತಿದ್ದೆನಲ್ಲ ನಾನು! ಸುಮ್ಮನೆ ಆ ಆಟವನ್ನು ಬೈದೆವು, ಲೋಕವೂ ಬೈಯಿತು. ಪಾಪ, ಅದು ಮಾಡಿದ ತಪ್ಪಾದರೂ ಏನು?

ಬಂದವನನ್ನು ಬರಿಗೈಯಲ್ಲಿ ಕಳಿಸಿದೆ. ಇದನ್ನು ಮಾರುವ ಮಾತು ಇನ್ನು ಎತ್ತಬೇಡ. ನಿಮ್ಮಪ್ಪ ನಿನ್ನನ್ನು ತುಂಬ ಕೇಳಿದರೆಂದು ಬರೆಯಲು ಹೇಳಿದ್ದಾರೆ. ಕೋಪ ಕೋಪವೇ, ಆದರೂ ಎಲ್ಲಿದ್ದರೂ ತಣ್ಣಗಿರು ಮಗನೇ.

ಸಿಕ್ಕಿಸದ ರಿಮೋಟು ಒತ್ತಿದವಳು,
ನಿನ್ನ ಅಮ್ಮ

ಮುಖ್ಯವಾದದ್ದೇ ಬಿಟ್ಟುಹೋಯಿತು: ಅವನು ಹೋದ ಮೇಲೆ ಒಬ್ಬಳೇ ಆಡಿದೆ. ನಿನ್ನ ರಿಮೋಟು ಕೈಯಲ್ಲಿ, ನನ್ನದು ಕಾಲಡಿ. ಇಷ್ಟು ವರ್ಷ ಮೆಷಿನ್ ತುಳಿದ ಕಾಲಿಗೆ ಅದೊಂದು ಕಷ್ಟವೇ? ಎರಡೂ ಸರಪಳಿ ಒಟ್ಟಿಗೆ ಇಳಿದವು. ಬಾಗಿಲು ಏಳತೊಡಗಿತು, ಅಡಿಯ ಸಂದಿಯಿಂದ ಬೆಳಕು ಬಂತು. ಕಾಲು ತೆಗೆದುಬಿಟ್ಟೆ. ಆಚೆ ಏನಿದೆಯೋ, ನೀನಿಲ್ಲದೆ ನೋಡಲು ಮನಸ್ಸಾಗಲಿಲ್ಲ. ಹಡಗು ದಡಕ್ಕೆ ಬಂದಾಗಲೆಲ್ಲ 'ಮುಂದಿನ ಸಲ ಬರ್ತೀನಮ್ಮಾ' ಅನ್ನುತ್ತೀಯ. ಈ ಸಲ ಬಾ. ನಿನ್ನ ವೈರು ಸಿಕ್ಕಿಸುವುದೋ ಬಿಡುವುದೋ, ಅದನ್ನು ನಾನು ನೋಡಿಕೊಳ್ಳುತ್ತೇನೆ.